ಕತ್ತರಿ ತಪ್ಪಿರಲಿಲ್ಲ

ಹೊನ್ನಾವರ ತಾಲೂಕಿನ ಮಂಕಿಯ ಪೇಟೆ ಇನ್ನೂ ಎದ್ದಿಲ್ಲ. ಹಾಲಿನ ಡೈರಿ ಬಿಟ್ಟರೆ ದೀಪ ಉರಿಯುತ್ತಿರುವುದು ಮಹಾಲಕ್ಷ್ಮೀ ನಾಯ್ಕರ ಹೊಲಿಗೆ ಅಂಗಡಿಯಲ್ಲಿ ಮಾತ್ರ. ಶಟರ್ ಅರ್ಧಕ್ಕೆ ಎಳೆದಿದೆ. ಒಳಗೆ, ಭಟ್ಕಳ ಕಡೆಯ ಬೆಳಕೆ ಊರಿನಿಂದ ಮೊದಲ ಬಸ್ಸಿಗೆ ಬಂದ ಹೆಂಗಸೊಬ್ಬರು ಹೊಸ ರವಿಕೆ ತೊಟ್ಟು ನಿಂತಿದ್ದಾರೆ. ಕ್ಯಾನ್ಸರ್ ಬಂದು ಅವರ ಎಡ ಸ್ತನವನ್ನು ತೆಗೆದು ವರ್ಷವಾಗುತ್ತ ಬಂದಿದೆ. ರವಿಕೆಯ ಆ ಬದಿಯ ಒಳ ಅಸ್ತರಿನಲ್ಲಿ ಒಂದು ಜೇಬಿದೆ. ಜೇಬಿನೊಳಗೆ ಹತ್ತಿಬಟ್ಟೆಯ ಮೆತ್ತನೆಯ ಚೀಲ.

"ಕೈ ಎತ್ತಿ ಕಾಂಬ. ಚೀಲ ಮೇಲೆ ಹೋಗ್ತದಾ?" ಮಹಾಲಕ್ಷ್ಮೀ ಕೇಳುತ್ತಾರೆ.

"ಇಲ್ಲ."

"ಈಗ ಬಗ್ಗಿ. ಬಾವಿಯಿಂದ ನೀರೆಳೆಯುವ ಹಂಗೆ."

ಹೆಂಗಸು ಬಗ್ಗುತ್ತಾರೆ, ಏಳುತ್ತಾರೆ, ಕನ್ನಡಿಯಲ್ಲಿ ಒಂದು ಸಲ ಎದುರಿನಿಂದ, ಒಂದು ಸಲ ಪಕ್ಕದಿಂದ ನೋಡಿಕೊಳ್ಳುತ್ತಾರೆ. "ಅಡ್ಡಿಲ್ಲ" ಎಂದಷ್ಟೇ ಹೇಳಿ, ಸೆರಗು ಹೊದ್ದು, ರಸ್ತೆಯಲ್ಲಿ ಜನ ಓಡಾಡುವ ಮೊದಲೇ ಬಸ್‌ಸ್ಟ್ಯಾಂಡಿನ ಕಡೆ ಹೊರಟುಬಿಡುತ್ತಾರೆ. ಇಂಥ ಗಿರಾಕಿಗಳು ಬರುವುದು ಈ ಹೊತ್ತಿಗೇ. ಕುಮಟಾದಿಂದಲೂ ಬರುತ್ತಾರೆ, ಭಟ್ಕಳದಿಂದಲೂ ಬರುತ್ತಾರೆ. ಅಂಗಡಿಯ ಬೋರ್ಡಿನಲ್ಲಿ ಇದರ ಬಗ್ಗೆ ಒಂದಕ್ಷರವೂ ಇಲ್ಲ. "ಬರೆಸಿದ್ರೆ ಯಾರು ಬರ್ತಾರೆ?" ಎಂದು ಪತ್ರಿಕೆಗಾಗಿ ಮಾತಾಡಿಸಲು ಬಂದ ನನ್ನನ್ನು ಕೇಳುತ್ತಾರೆ ಮಹಾಲಕ್ಷ್ಮೀ. "ಬರೆಸದಿದ್ರೂ ಯಾರಿಗೆ ಗೊತ್ತಾಗ್ತದೆ? ನಂಗೆ ಇದೊಂದು ತಿಳಿಯುದಿಲ್ಲ" ಎಂದೂ ಸೇರಿಸುತ್ತಾರೆ.

ನಲವತ್ತಾರರ ಮಹಾಲಕ್ಷ್ಮೀಗೆ ತಿಳಿಯದ್ದು ಬಹಳ ಇದೆ. ಅದನ್ನು ಅವರೇ ಮತ್ತೆ ಮತ್ತೆ ಹೇಳುತ್ತಾರೆ. ಹೈಸ್ಕೂಲು ಅರ್ಧಕ್ಕೆ ನಿಂತ ಮೇಲೆ ಸೋದರತ್ತೆಯ ಹತ್ತಿರ ಹೊಲಿಗೆ ಕಲಿತರು. ಮದುವೆಯಾಗಿ ಮಂಕಿಗೆ ಬಂದಾಗ ತವರಿನಿಂದ ಮಷಿನ್ನನ್ನೂ ತಂದರು. ಗಂಡ ಜಗದೀಶ ಹೊನ್ನಾವರದ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಾರೆ. ದಿನಕ್ಕೆ ಐದಾರು ರವಿಕೆ, ಮದುವೆಯ ಕಾಲದಲ್ಲಿ ಅದರ ಎರಡು ಪಟ್ಟು. ಇಷ್ಟೇ ಆಗಿದ್ದ ಅವರ ಬದುಕಿನಲ್ಲಿ ಗಲಿಬಿಲಿ ಹುಟ್ಟಿದ್ದು ಕೆಲವು ವರ್ಷಗಳ ಹಿಂದೆ, ಹೊನ್ನಮ್ಮ ಎಂಬ ಗಿರಾಕಿಯ ರವಿಕೆಯಿಂದ.

ಹೊನ್ನಮ್ಮ ಇದೇ ಊರಿನವರು, ಗದ್ದೆ ಕೆಲಸದವರು. ಹೊಲಿಸಿಕೊಂಡ ರವಿಕೆಯನ್ನು ಅವರು ವಾಪಸು ತಂದರು: ಬಲಗಡೆ ಎಳೆಯುತ್ತದೆ. ಮಹಾಲಕ್ಷ್ಮೀ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟರು. ಒಂದು ತಿಂಗಳಲ್ಲಿ ಮತ್ತೆ ಅದೇ ದೂರು. "ನಂದೇ ಕತ್ತರಿ ತಪ್ಪಿತ್ತು ಅಂದ್ಕಂಡೆ. ಅಳತೆ ತೆಗೆದ್ರೆ ಅಳತೆ ಸರಿ ಇತ್ತು. ಆದ್ರೂ ಮೈಮೇಲೆ ಸರಿ ಕೂರುದಿಲ್ಲ. ಹಂಗಾರೆ ತಪ್ಪು ಎಲ್ಲಿ?" ಕೊನೆಗೆ ಪರದೆಯ ಹಿಂದೆ ಕರೆದು ನೋಡಿದಾಗ ಬಲ ಸ್ತನದ ಚರ್ಮ ಒಂದು ಕಡೆ ಒಳಕ್ಕೆ ಜಗ್ಗಿದಂತೆ ಕಾಣಿಸಿತು. ತೊಟ್ಟು ಕೂಡ ಒಳಗೆ ಸೇರಿತ್ತು.

"ಮೊದಲಿಂದ ಹೀಂಗೇ ಇತ್ತಾ ಹೊನ್ನಮ್ಮಕ್ಕ?"

"ಇಲ್ಲ ಮಾರಾಯ್ತಿ, ಈಗೀಗ. ಒಂದು ಗಂಟೂ ಅದೆ. ನೋವೇ ಇಲ್ಲ, ಅದ್ಕೆ ಬಿಟ್ಟೆ."

ನೋವಿಲ್ಲ ಎಂದ ಮೇಲೆ ಹೆದರಬೇಕೋ ಬೇಡವೋ ಮಹಾಲಕ್ಷ್ಮೀಗೆ ಗೊತ್ತಾಗಲಿಲ್ಲ. ಸುಮ್ಮನಿರುವುದೂ ಸರಿಯೆನಿಸದೆ, ಊರಿನ ಆರೋಗ್ಯ ಕೇಂದ್ರದ ನರ್ಸ್ ವೀಣಾ ಅವರಲ್ಲಿಗೆ ಕಳಿಸಿದರು. ವೀಣಾ ಕುಮಟಾಕ್ಕೆ ಕಳಿಸಿದರು, ಅಲ್ಲಿಂದ ಮಂಗಳೂರಿಗೆ. ಕ್ಯಾನ್ಸರ್ ಎಂದಾಯಿತು. ಹೊನ್ನಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಅವರ ಗಂಡ ದುರ್ಗಪ್ಪ ಅಂಗಡಿಯ ಮುಂದೆ ನಿಂತು, ಅಲ್ಲಿದ್ದ ನಾಲ್ಕು ಗಿರಾಕಿಗಳಿಗೂ ಕೇಳುವಂತೆ ಹೇಳಿದರು: "ನೀನು ಬಿಗಿ ಹೊಲಿದು ಹೊಲಿದು ನನ್ನ ಹೆಂಡ್ತಿಗೆ ಈ ರೋಗ ತಂದೆ."

ಮಹಾಲಕ್ಷ್ಮೀ ಅದನ್ನು ನಂಬಿಬಿಟ್ಟರು. "ಇಷ್ಟು ವರ್ಷ ನಾ ಎಷ್ಟು ಜನಕ್ಕೆ ಬಿಗಿ ಹೊಲಿದಿರಬೇಕು? ಅವರಿಗೆಲ್ಲ ಎಂತ ಆಯ್ತು? ರಾತ್ರಿ ಹಗಲು ಅದೇ." ರವಿಕೆ ಹೊಲಿಯುವುದನ್ನೇ ಬಿಟ್ಟು ಶಾಲೆಯ ಯೂನಿಫಾರಂ, ನೈಟಿ, ದಿಂಬಿನ ಕವರು ಹೊಲಿಯತೊಡಗಿದರು. ಬೇರೆ ಬೇರೆ ಜನ ಬೇರೆ ಬೇರೆ ಹೇಳಿದರು. ರವಿಕೆಯ ಒಳಗೆ ಕಪ್ಪು ಬಾಡಿ ಹಾಕಿದರೆ ಬರುತ್ತದೆ ಎಂದರು ಒಬ್ಬರು, ಪೆಟ್ಟು ಬಿದ್ದರೆ ಬರುತ್ತದೆ ಎಂದರು ಇನ್ನೊಬ್ಬರು. ಮುಟ್ಟಿದರೂ ಅಂಟುತ್ತದೆ ಎಂದು ಮೂರನೆಯವರು. ಮಹಾಲಕ್ಷ್ಮೀ ಎಲ್ಲವನ್ನೂ ನಂಬಿದರು, ಯಾವುದನ್ನೂ ಪೂರ್ತಿ ನಂಬಲಾರದೆ ಹೋದರು.

ಒಂದು ಮಧ್ಯಾಹ್ನ ವೀಣಾ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. "ಬಿಗಿ ರವಿಕೆಯಿಂದ ಕ್ಯಾನ್ಸರ್ ಬರುದಿಲ್ಲ ಮಾಲಕ್ಷ್ಮಿ. ಬಾಡಿಯ ಬಣ್ಣದಿಂದಲೂ ಇಲ್ಲ, ಮುಟ್ಟಿದ್ರೆ ಅಂಟುದೂ ಇಲ್ಲ. ಗಂಟು ದೊಡ್ಡದಾಗಿ, ಚರ್ಮ ಜಗ್ಗಿ ರವಿಕೆ ಎಳೀತಿತ್ತು. ರವಿಕೆ ಎಳೆದು ಗಂಟಾದ್ದಲ್ಲ. ನೀನು ಕಂಡು ಕಳಿಸಿದ್ದಕ್ಕೆ ಅವ್ರು ಉಳಿದ್ರು." ಮಹಾಲಕ್ಷ್ಮೀ ತಲೆಯಾಡಿಸಿದರು. ಒಪ್ಪಿದ್ದಕ್ಕೋ, ಸಿಸ್ಟರ್ ಎದ್ದು ಹೋಗಲಿ ಎಂದೋ, ಈಗ ಅವರಿಗೂ ನೆನಪಿಲ್ಲ.

ಅವರನ್ನು ಮತ್ತೆ ರವಿಕೆಗೆ ತಂದದ್ದು ಹೊನ್ನಮ್ಮನೇ. ಚಿಕಿತ್ಸೆ ಮುಗಿಸಿ, ತಲೆಗೂದಲು ಆಗಷ್ಟೇ ಚಿಗುರುತ್ತಿದ್ದಾಗ, ಒಂದು ಬೆಳಗಿನ ಜಾವ ಬಂದು ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ಒಂದು ಬದಿ ಇಲ್ಲ. ಹೆಂಗೆ ಹೊಲಿತೆ ಹೊಲಿ. ಮಗಳ ಮನೆಗೆ ಹೋಗ್ಬೇಕು."

ಯಾರೂ ಕಲಿಸದ ಹೊಲಿಗೆ ಅದು. ಮೊದಲು ಹತ್ತಿ ತುಂಬಿದರು. ಅದು ಹಗುರ, ಕೈ ಎತ್ತಿದರೆ ಕೊರಳಿನ ಹತ್ತಿರ ಬಂದು ನಿಲ್ಲುತ್ತಿತ್ತು. ಭಾರ ಬೇಕೆಂದು ಸಾಸಿವೆ ತುಂಬಿದರು. ಗದ್ದೆಯ ಬೆವರಿಗೆ, ಮಳೆಗಾಲದ ತೇವಕ್ಕೆ ಸಾಸಿವೆ ಮೊಳಕೆಯೊಡೆಯಿತು. ಹೊನ್ನಮ್ಮ ಚೀಲವನ್ನು ತಂದು ತೋರಿಸಿ, "ಇನ್ನೊಂದು ವಾರ ಬಿಟ್ಟಿದ್ರೆ ಸೊಪ್ಪು ಕೊಯ್ಯಬಹುದಿತ್ತು" ಎಂದರಂತೆ. ಆಸ್ಪತ್ರೆಗೆ ಹೋದ ಮೇಲೆ ಅವರು ನಕ್ಕಿದ್ದನ್ನು ಮಹಾಲಕ್ಷ್ಮೀ ಕಂಡದ್ದು ಅಂದೇ ಮೊದಲು. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ಅತ್ತರು.

ದಾರಿ ತೋರಿಸಿದವರು ಹಮ್ಮ ಎಂಬವರು. ಹಾಲಕ್ಕಿ ಒಕ್ಕಲು ಸಮುದಾಯದ ಈ ಅಜ್ಜಿ ವಾರಕ್ಕೆರಡು ಸಲ ಅಂಗಡಿಯ ಮೆಟ್ಟಿಲ ಮೇಲೆ ಹರಿವೆ, ಬಸಳೆ ಸೊಪ್ಪು ಇಟ್ಟು ಮಾರುತ್ತಾರೆ. ಕೊರಳಿನಿಂದ ಎದೆಯವರೆಗೆ ಮಣಿಸರಗಳು. ಸಾಸಿವೆಯ ಕಥೆ ಕೇಳಿ ಅವರು ತಮ್ಮ ಸರವನ್ನೇ ಅಂಗೈಯಲ್ಲಿ ಎತ್ತಿ ತೂಗಿದರು. "ಮಣಿ ತುಂಬು ಮಗಾ. ಭಾರ ಅದೆ. ಬೆವತ್ರೂ ಹಾಳಾಗುದಿಲ್ಲ, ತೊಳೆದ್ರೂ ಹಾಳಾಗುದಿಲ್ಲ." ಮರುವಾರ ಹರಿದ ಸರಗಳ ಗಾಜಿನ ಮಣಿಗಳನ್ನು ಒಂದು ಕಟ್ಟು ತಂದುಕೊಟ್ಟರು. ಮಣಿ ಚುಚ್ಚದಂತೆ ಸುತ್ತ ಹತ್ತಿ, ಮೇಲೆ ಹಳೆಯ ಮೆತ್ತನೆ ಬಟ್ಟೆ. ಇನ್ನೊಂದು ಬದಿಗೆ ಸರಿಹೊಂದುವಷ್ಟು ಭಾರ ಬರುವವರೆಗೆ ಮಣಿ ಹಾಕುವುದು, ತೆಗೆಯುವುದು. ಗಾಯ ಪೂರ್ತಿ ಮಾಗಿದೆ ಎಂದು ಡಾಕ್ಟರು ಹೇಳಿದವರಿಗೆ ಮಾತ್ರ ಕೊಡಬೇಕೆಂಬುದು ವೀಣಾ ಹಾಕಿದ ಕಟ್ಟಳೆ. ಅದರಂತೆಯೇ ಇಂದಿಗೂ ನಡೆಯುತ್ತಿದೆ.

ಇಷ್ಟಾದರೂ ಗಲಿಬಿಲಿ ಹೋಗಿಲ್ಲ, ಬೇರೆ ರೂಪ ತಾಳಿದೆ. ಅಳತೆ ಕೊಡಲು ಬಂದವರಲ್ಲಿ ಎರಡು ಬದಿ ಒಂದೇ ಸಮ ಇಲ್ಲದಿದ್ದರೆ ಹೇಳಬೇಕೇ? ಬಹಳ ಹೆಂಗಸರಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುವುದು ಸಹಜ, ಹೊಸದಾಗಿ ಆದ ಬದಲಾವಣೆಯನ್ನು ಮಾತ್ರ ತೋರಿಸಬೇಕು ಎಂದು ವೀಣಾ ಹೇಳಿಕೊಟ್ಟಿದ್ದಾರೆ. ಗಂಟು, ಚರ್ಮ ಜಗ್ಗುವುದು, ತೊಟ್ಟು ಒಳಸೇರುವುದು, ತೊಟ್ಟಿನಿಂದ ನೀರೋ ರಕ್ತವೋ ಬರುವುದು. ಆದರೆ ಹೊಸದೋ ಹಳೆಯದೋ ಎಂದು ಕೇಳುವುದು ಹೇಗೆ? ಹಳದೀಪುರದ ಅಂಕಿತಾ ನಿಶ್ಚಿತಾರ್ಥದ ರವಿಕೆಗೆ ಬಂದಾಗ ಗಂಟಿದೆ ಎಂದು ತಾನೇ ಹೇಳಿದ್ದಳು. ಮಹಾಲಕ್ಷ್ಮೀ ತೋರಿಸಿಕೊಂಡು ಬಾ ಎಂದರು. ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಅಲ್ಲವೆಂದು ಗೊತ್ತಾಯಿತು. ಹುಡುಗಿಯ ತಾಯಿ ಬಂದು, ಶುಭಕಾರ್ಯದ ಹೊತ್ತಿಗೆ ಮನೆಯವರನ್ನೆಲ್ಲ ಹೆದರಿಸಿದಿರಿ ಎಂದು ಬೈದು ಬಟ್ಟೆ ವಾಪಸು ಒಯ್ದರು.

"ಹೇಳಿದ್ರೂ ತಪ್ಪು, ಹೇಳದಿದ್ರೂ ತಪ್ಪು. ಸಿಸ್ಟರ್ ಹೇಳ್ತಾರೆ, ಹೆಚ್ಚಿನ ಗಂಟು ಕ್ಯಾನ್ಸರ್ ಅಲ್ಲ, ಆದ್ರೂ ಎಲ್ಲಾ ಗಂಟೂ ತೋರಿಸ್ಬೇಕು ಅಂತ. ಎರಡೂ ಖರೆ. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಕಂಬುದು ಕಷ್ಟ." ಅವರು ಗುಂಡಿಯ ಕಾಜ ಹೊಲಿಯಲು ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಾರೆ. "ಆ ಹುಡುಗಿ ಮಾತ್ರ ಮದುವೆಯಾದ ಮೇಲೆ ಒಂದು ಸಲ ಬಂದಿತ್ತು. ನಾದಿನಿಯನ್ನು ಕರ್ಕಂಡು ಬಂದು, ಗಂಟಿನ ವಿಷಯ ಇವಳಿಗೂ ಸ್ವಲ್ಪ ಹೇಳಿ ಅಂತು."

ದುರ್ಗಪ್ಪ ಇವತ್ತಿಗೂ ತಮ್ಮ ಮಾತನ್ನು ಹಿಂತೆಗೆದುಕೊಂಡಿಲ್ಲ. ಹೊನ್ನಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದು, ಅಂಗಡಿಗೆ ಬೆನ್ನು ಹಾಕಿ ನಿಂತು, ಕೆಲಸ ಮುಗಿಯುವವರೆಗೆ ಕಾಯುತ್ತಾರೆ. ಹೋದ ತಿಂಗಳು ಎರಡು ಎಳನೀರು ಮೆಟ್ಟಿಲ ಮೇಲಿಟ್ಟು ಹೋದರಂತೆ. "ಸಿಟ್ಟು ಹೋಯ್ತಾ ಇಲ್ವಾ, ಯಾರಿಗೆ ಗೊತ್ತು. ಎಳನೀರು ಚಲೋ ಇತ್ತು."

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಂಗಡಿ ದೊಡ್ಡದಾಗಲಿ, ಹೊಸ ಮಷಿನ್ ಬರಲಿ ಎಂಬ ಉತ್ತರವನ್ನು ನಿರೀಕ್ಷಿಸಿದ್ದೆ. ಅವರ ಆಸೆ ಬೇರೆಯೇ.

"ಎದೆಯ ಫೋಟೋ ತೆಗೆಯುವ ಮಷಿನ್ ಅದೆಯಲ್ಲ, ಅದರ ಕೋಣೆ ಒಳಗೆ ಒಂದು ಸಲ ಹೋಗಿ ಬರ್ಬೇಕು. ಇಲ್ಲಿ ಬರುವ ಹೆಂಗಸ್ರು ಕೇಳ್ತಾರೆ, ನೋವಾಗ್ತದಾ, ಒಳಗೆ ಗಂಡಸ್ರು ಇರ್ತಾರಾ, ಎಷ್ಟು ಹೊತ್ತು ನಿಲ್ಬೇಕು ಅಂತ. ನಂಗೆ ಎಂತ ಹೇಳುಕೂ ಬರುದಿಲ್ಲ. ನಂದೂ ಪ್ರಾಯ ಆತು, ಒಂದು ಸಲ ಡಾಕ್ಟ್ರನ್ನ ಕೇಳು ಅಂದಿದ್ದಾರೆ ಸಿಸ್ಟರ್. ನೀವು ಪೇಪರಿನವ್ರು. ನಿಮಗೆ ಗೊತ್ತಿರ್ಬೇಕು. ನೋವಾಗ್ತದಾ?"

ನನಗೆ ಗೊತ್ತಿಲ್ಲ. ನನಗೂ ಅವರದ್ದೇ ಪ್ರಾಯ, ನಾನೂ ಮ್ಯಾಮೊಗ್ರಾಂ ಪರೀಕ್ಷೆಗೆ ಹೋದವಳಲ್ಲ. ಹಾಗೆಂದೇ ಹೇಳುತ್ತೇನೆ.

ಮಹಾಲಕ್ಷ್ಮೀ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನನ್ನು ನೋಡುತ್ತಾರೆ.

"ಹಂಗಾರೆ ನೀವೂ ಬನ್ನಿ. ಒಬ್ಬಳಿಗೆ ಹೆದರಿಕೆ. ಇಬ್ರೂ ಒಟ್ಟಿಗೆ ಹೋಗುವ."