ಒಂದೇ ಖಣದ ಎರಡು ಕುಂಚಿಗೆ

ಟ್ರಂಕಿನ ತಳದಿಂದ ಕುಂಚಿಗೆ ತೆಗೆದು ಕೊಡವಿದೆ. ಹಸಿರು ಖಣ, ಕೆಂಪು ದಡಿ, ತಲೆ, ಬೆನ್ನು ಮುಚ್ಚಿ ಕೂಸಿನ ಗದ್ದದ ಕೆಳಗೆ ಕಟ್ಟಲು ಎರಡು ಲಾಡಿ. ಇಷ್ಟು ವರ್ಷ ನುಸಿಗುಳಿಗೆಯ ಜೊತೆ ಬಿದ್ದಿದ್ದರೂ ಬಟ್ಟೆಯೊಳಗಿನ ಲೋಬಾನದ ವಾಸನೆ ಪೂರ್ತಿ ಹೋಗಿರಲಿಲ್ಲ. ಸೊಸೆ ಇಳಕಲ್ಲಿನ ತವರಲ್ಲಿ ಬಾಣಂತಿ. ಮೊಮ್ಮಗಳಿಗೆ ಕಳಿಸೋಣವೆಂದು ತೆಗೆದಿದ್ದೆ. ಮೂಗಿಗೆ ಹಿಡಿದವಳು ಅಲ್ಲೇ ನೆಲಕ್ಕೆ ಕೂತುಬಿಟ್ಟೆ... ಬಾಜೂ ಮನೆಯ ಅಕ್ಕ ಬಂದು ಎದುರಿಗೆ ಕೂತಂತಾಯಿತು.

ಸ್ವಂತ ಅಕ್ಕನಲ್ಲ. ಗುಳೇದಗುಡ್ಡದಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿದ್ದ ಮನೆಯ ಮಗಳು, ನನಗಿಂತ ತುಸು ದೊಡ್ಡವಳು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವಳನ್ನು ಕೆರೂರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಾನೂ ಆಗಲೇ ಹಡೆದೆ, ನನಗೆ ಗಂಡು, ಅವಳಿಗೆ ಹೆಣ್ಣು. ಅವಳಪ್ಪ ಕುಪ್ಪಸದ ಖಣ ನೇಯುವವರು. ಮಗ್ಗದಿಂದ ಇಳಿಸಿದ ಒಂದು ತುಂಡನ್ನು ಮಗಳ ಕೈಗೆ ಕೊಟ್ಟರು. ಅಕ್ಕ ಅದರಲ್ಲಿ ಎರಡು ಕುಂಚಿಗೆ ಹೊಲಿದಳು, ಒಂದು ತನ್ನ ಮಗಳಿಗೆ, ಒಂದು ನನ್ನ ಮಗನಿಗೆ.

ನನ್ನ ಕಥೆ ಬೇರೆ. ನನ್ನನ್ನು ಸ್ವಂತ ಸೋದರಮಾವನಿಗೆ ಕೊಟ್ಟಿದ್ದರು. ಅವ್ವನ ಅವ್ವ, ನಮ್ಮ ಆಯಿ, ಅವಳೇ ನನ್ನ ಅತ್ತೆ. ಬಾಣಂತನ ಮಾಡಲು ಅವ್ವ ತನ್ನ ತವರಿಗೇ ಬಂದು ಕೂತಿದ್ದಳು. ತವರೂ ಅತ್ತೆಮನೆಯೂ ಒಂದೇ, ಒಬ್ಬರನ್ನು ಕೇಳಿದರೆ ಮುಗಿಯಿತು, ಎಲ್ಲರನ್ನೂ ಕೇಳಿದ ಹಾಗೆ. ಅದರ ಬೆಲೆ ಆಗ ನನಗೆ ಗೊತ್ತಿರಲಿಲ್ಲ.

ಬಾಣಂತಿ ಖೋಲಿ ಅಂದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ಕಿಟಕಿ ಇಲ್ಲದ ಖೋಲಿ, ಹೊರಸಿನ ಕೆಳಗೆ ಕೆಂಡ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಕಿವಿಗೆ ಬಿಗಿದ ಅರಿವೆ, ಕೇಳಿದರೂ ಸಿಗದ ನೀರು. ತಿಂಗಳುಗಟ್ಟಲೆ ತಲೆಬಾಗಿಲ ಹೊಸ್ತಿಲು ದಾಟುವಂತಿಲ್ಲ. ನಮ್ಮಿಬ್ಬರ ಖೋಲಿಗಳ ನಡುವೆ ಒಂದೇ ಗೋಡೆ, ಅದರಲ್ಲಿ ದೀಪ ಇಡುವ ಮಾಡ. ಮಾಡದ ಹಿಂದಿನ ಕಲ್ಲೊಂದು ಸಡಿಲಾಗಿತ್ತು. ಅದನ್ನು ಸರಿಸಿದರೆ ಅವಳ ಒಂದು ಕಣ್ಣು ಕಾಣುತ್ತಿತ್ತು.

"ಏನ್ ತಂಗಿ, ಇನ್ನೂ ಜೀವಂತ ಅದೀಯೇನ್?" ಅನ್ನುತ್ತಿದ್ದಳು. ನಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಕೂಸುಗಳಿಗೆ ಮೂರು ತಿಂಗಳು ತುಂಬಿದಾಗ ಓಣಿಗೆ ನರ್ಸಬಾಯಿ ಬಂದಳು. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು, ಮೂರಕ್ಕೂ ಒಂದೇ ಸೂಜಿ ಎಂದಳು. ಒಂದು ದಿನ ಜ್ವರ ಬರಬಹುದು, ಹೆದರಬೇಡಿ ಅಂತಲೂ ಹೇಳಿದಳು. ನಮ್ಮ ಆಯಿ ಒಂದು ಮಾತು ಹೆಚ್ಚು ಆಡಲಿಲ್ಲ. "ಹಾಕಬೇ, ಅತ್ರ ಅಳಲಿ" ಅಂದಳು, ಮುಗಿಯಿತು.

ಬಾಜೂ ಮನೆಯಲ್ಲಿ ಅಕ್ಕನ ಅವ್ವ ಬಾಗಿಲಿಗೆ ಬಂದು ನಿಂತದ್ದು ನನಗೆ ಖೋಲಿಯೊಳಗಿಂದಲೇ ಕೇಳಿಸಿತು.

"ಹಾಕಸಬೇಕ್ರಿ ಖರೆ. ಆದ್ರ ಅದು ನಮ್ಮ ಕೂಸಲ್ರಿ, ಬೀಗರ ಮನಿ ಕೂಸು. ನಾಳೆ ಜ್ವರ ಬಂದ್ರ ನಾವ್ ಏನ್ ಜವಾಬು ಕೊಡೋಣು? ಕೆರೂರಿಗೆ ಕೇಳಿ ಕಳಸ್ತೀವ್ರಿ."

ಸಂತೆಗೆ ಹೊರಟವರ ಕೈಯಲ್ಲಿ ಕೇಳಿ ಕಳಿಸಿದರು. ಉತ್ತರವೂ ಬಂತು. "ಬಾಣಂತನ ನಿಮ್ಮದು. ಅದರಾಗ ನಾವೇನ್ ಹೇಳೋದೈತಿ? ನಿಮಗ ತಿಳದಂಗ ಮಾಡ್ರಿ" ಅಂತ ಅಕ್ಕನ ಅತ್ತೆ ಹೇಳಿದ್ದರು. ಹೆಣ್ಣು ಕೊಟ್ಟ ಮನೆಗೆ ಮರ್ಯಾದೆ ಕೊಟ್ಟು ಆಡಿದ ಮಾತೇ ಇದ್ದೀತು. ಈ ಮನೆಯಲ್ಲಿ ಅದನ್ನು ಸಿಟ್ಟು ಅಂತ ತಿಳಿದರು. ಅಕ್ಕನ ಅಪ್ಪ ಎರಡು ದಿನ ಊಟ ಸೇರದೆ ತಿರುಗಾಡಿದರು. "ಹೆಣ್ಣ ಕೊಟ್ಟವರು ನಾವು, ಬೀಗರ ಮನಸ್ಸಿಗೆ ಬ್ಯಾಸರಾಗೇತಿ. ಈಗ ಬ್ಯಾಡ" ಎಂದರು.

ಆ ಸಂಜೆ ಮಾಡದ ಆಚೆಯಿಂದ ಅಕ್ಕ ಕೇಳಿದಳು, "ಹಡದಾಕಿ ನಾ. ನನ್ನ ಯಾರರ ಕೇಳಿದ್ರೇನ್ ತಂಗಿ?"

ಸೂಜಿ ಬೇಡ ಅಂತ ಎರಡೂ ಊರಲ್ಲಿ ಒಬ್ಬರೂ ಅಂದಿರಲಿಲ್ಲ. ಅಂದಿದ್ದರೆ ಜಗಳ ತೆಗೆಯಬಹುದಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವೇ ಇರಲಿಲ್ಲ, ಬರೀ ಮರ್ಯಾದೆ. ಸುಡಗಾಡು ಮರ್ಯಾದೆ!

ಮುಂದಿನ ತಿಂಗಳು ನರ್ಸಬಾಯಿ ಮತ್ತೆ ಬರುವ ಹೊತ್ತಿಗೆ ನಾವಿಬ್ಬರೂ ಒಂದು ಹೂಟ ಹೂಡಿದ್ದೆವು. ಅಕ್ಕನಿಗೂ ನನಗೂ ಹಿತ್ತಿಲವರೆಗೆ ಹೋಗುವ ಪರವಾನಿಗೆ ಸಿಕ್ಕಿತ್ತು. ಅವಳವ್ವ ಒಳಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಾಗ ಅಕ್ಕ ಹಿತ್ತಿಲ ಗಿಡ್ಡ ಗೋಡೆಯ ಮೇಲಿಂದ ಕೂಸನ್ನು ನನ್ನ ಕೈಗೆ ದಾಟಿಸಿದಳು. ಕೂಸಿಗೆ ಅದೇ ಹಸಿರು ಕುಂಚಿಗೆ ಕಟ್ಟಿದ್ದಳು. ಮುಖ ಕುಂಚಿಗೆಯೊಳಗೆ ಅಡಗಿದರೆ ಯಾರ ಕೂಸು ಅಂತ ಯಾರಿಗೆ ತಿಳಿಯಬೇಕು?

"ಲಗೂನ ಹೋಗು" ಅಂದಳು.

ನನ್ನ ಮಗನಿಗೆ ಸೂಜಿಯಾಗಿ ಅವನನ್ನು ಅವ್ವ ಒಳಗೆ ಒಯ್ದಿದ್ದಳು. ನಾನು ಅಕ್ಕನ ಮಗಳನ್ನು ಎತ್ತಿಕೊಂಡು ಪಡಸಾಲೆಗೆ ಬಂದೆ. ನರ್ಸಬಾಯಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಕೂಸಿನ ಕಡೆ. ಅವಳಿಗೆ ತಿಳಿಯಿತು. ತಿಳಿದೂ ಏನೂ ಕೇಳದೆ ಸೂಜಿಗೆ ಔಷಧಿ ಏರಿಸತೊಡಗಿದಳು. ಆ ಪುಣ್ಯಾತ್ಮಳನ್ನು ನಾನು ಇಂದಿಗೂ ನೆನೆಯುತ್ತೇನೆ.

ಅಷ್ಟರಲ್ಲಿ ಕೂಸು ಅತ್ತಿತು. ಆಯಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು.

"ಯಾರ ಕೂಸದು? ನಮ್ಮದರ ದನಿ ಅಲ್ಲದು."

ನಮ್ಮದೇ ಅಂತ ಸುಳ್ಳು ಹೇಳಿದೆ. ಆಯಿ ಎದ್ದು ಬಂದು ಕುಂಚಿಗೆ ಸರಿಸಿ ನೋಡಿದಳು. "ಕೊಟ್ಟ ಬಾ" ಅಂದಳು. "ಮಂದಿ ಕೂಸಿಗೆ ನಾವು ಕೈ ಹಚ್ಚಬಾರದವ್ವಾ. ನಾಳೆ ಏನರ ಹೆಚ್ಚುಕಡಿಮಿ ಆದ್ರ ಎರಡ ಮನಿ ಕಡದಾವು."

ತಿಂಗಳ ಹಿಂದೆ ಅಳಲಿ ಅಂದವಳೂ ಇವಳೇ! ನಾನು ಕಿರುಚಿದೆ, ಕಾಲು ಹಿಡಿದೆ, ಬಾಯಿಗೆ ಬಂದದ್ದು ಅಂದೆ. ಆಯಿ ಕೂಸನ್ನು ನನ್ನ ತೋಳಿಂದ ಬಿಡಿಸಿಕೊಂಡು, ಮುತ್ತು ಕೊಟ್ಟು, ತಾನೇ ಎತ್ತಿಕೊಂಡು ಹೋಗಿ ಹಿತ್ತಿಲಲ್ಲಿ ಅಕ್ಕನಿಗೆ ಕೊಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನರ್ಸಬಾಯಿ ಡಬ್ಬಿ ಮುಚ್ಚಿಕೊಂಡು ಮುಂದಿನ ಮನೆಗೆ ಹೋದಳು.

ಐದು ತಿಂಗಳಿಗೆ ಅಕ್ಕನನ್ನು ಕೆರೂರಿಗೆ ಕಳಿಸಿಕೊಟ್ಟರು. ತೊಟ್ಟಿಲು, ಹಾಸಿಗೆ, ಬುಟ್ಟಿ ತುಂಬ ಉಂಡಿ, ಎಲ್ಲ ಹೋಯಿತು. ಮುಂದಿನದನ್ನು ಅಕ್ಕ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಅಲ್ಲಿಗೂ ನರ್ಸ ಬಂದಿದ್ದಳಂತೆ. "ಕೂಸಿಗೆ ಸೂಜಿ ಆಗ್ಯಾವೇನ್ರಿ?" ಎಂದು ಕೇಳಿದಳಂತೆ. ಅತ್ತೆ ಅಭಿಮಾನದಿಂದ, "ನಮ್ಮ ಬೀಗರು ಅಂಥವರಲ್ರಿ, ಎಲ್ಲಾ ಮಾಡೇ ಕಳಿಸ್ಯಾರ" ಎಂದರಂತೆ. ಓಣಿಯ ನಾಲ್ಕು ಹೆಂಗಸರು ಅಲ್ಲೇ ನಿಂತಿದ್ದರು. ಇಲ್ಲ ಅಂದರೆ ತವರು ಸಣ್ಣದಾಗುತ್ತಿತ್ತು, ಅತ್ತೆ ಸುಳ್ಳಾಗುತ್ತಿದ್ದರು. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು... ನಾಲಿಗೆ ಏಳಲಿಲ್ಲವಂತೆ. ಆಮೇಲೆ ಗಂಡನಿಗೆ ಹೇಳಿದಳು. "ಅವ್ವ ಒಮ್ಮೆ ಆಗ್ಯಾವ ಅಂದಾಳ. ಈಗ ಹ್ಯಾಂಗ ಇಲ್ಲ ಅನ್ನೋದು? ತಡಿ, ನೋಡೋಣು" ಎಂದನಂತೆ.

ತಡೆದರು. ಚಳಿಗಾಲಕ್ಕೆ ಕೆರೂರಿನಲ್ಲಿ ನಾಯಿಕೆಮ್ಮು ಎದ್ದಿತು. ಕೂಸು ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿತ್ತು, ಉಸಿರು ಒಳಗೆ ಎಳೆಯುವಾಗ ಕೂಗಿದಂತೆ ಸದ್ದಾಗುತ್ತಿತ್ತು. ಬಾಗಲಕೋಟೆಯ ದೊಡ್ಡ ದವಾಖಾನೆಗೆ ಒಯ್ದರು, ತಡವಾಗಿತ್ತು. ಕುಂಚಿಗೆಯ ಸಮೇತ ಮಣ್ಣು ಮಾಡಿದರು. ನಾನಿಲ್ಲಿ ನನ್ನ ಮಗನನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ಅವನ ಮೈ ಬೆಚ್ಚಗಿದ್ದದ್ದಕ್ಕೇ ನಾಚಿಕೆಯಾಗುತ್ತಿತ್ತು.

ಎರಡನೆಯ ಬಾಣಂತನಕ್ಕೂ ಅಕ್ಕ ತವರಿಗೇ ಬಂದಳು. ಈ ಸಲ ಗಂಡು. ಅದೇ ಖೋಲಿ, ಅದೇ ಕೆಂಡ. ಮಾಡದ ಕಲ್ಲು ಸರಿಸಿದರೆ ಕಣ್ಣು ಕಾಣುತ್ತಿತ್ತು, ಆದರೆ ನಗೆಮಾತು ಬರುತ್ತಿರಲಿಲ್ಲ. ಕೂಸಿಗೆ ಮೂರು ತಿಂಗಳಾದ ಮೇಲೆ ಒಂದು ಮುಂಜಾನೆ ಓಣಿಯಲ್ಲಿ ಮಗ್ಗದ ಸದ್ದು ಒಮ್ಮೆಲೇ ನಿಂತಿತು. ಹೊರಗೆ ಬಂದು ನೋಡಿದೆ. ಕಿವಿಗೆ ಅರಿವೆ ಕಟ್ಟಿದ ಬಾಣಂತಿ, ಎದೆಗೆ ಕೂಸು, ತಲೆ ಎತ್ತಿಕೊಂಡು ಹಾಡಹಗಲೇ ನಡುಬೀದಿಯಲ್ಲಿ ದವಾಖಾನೆಯ ಕಡೆ ನಡೆದಿದ್ದಳು. ತಡೆಯಲು ಯಾರಿಗೂ ಕಾಲು ಬರಲಿಲ್ಲ. ನಾನು ಓಡಿ ಹೋಗಿ ಜೊತೆಯಾದೆ.

ತಿರುಗಿ ಬಂದಾಗ ಅವಳಪ್ಪ ಬಾಗಿಲಲ್ಲಿ ನಿಂತಿದ್ದರು. "ಯಾರನ್ನ ಕೇಳಿ ಹೋಗಿದ್ದಿ?" ಎಂದರು.

"ನನ್ನ ಹಿರೇಮಗಳನ್ನ ಕೇಳೇನಿ" ಅಂದಳು ಅಕ್ಕ.

ಅವರು ದಾರಿ ಬಿಟ್ಟರು. ಆ ದಿನ ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ.

ಅಕ್ಕ ಈಗಿಲ್ಲ. ಆ ಗೋಡೆಯನ್ನೂ ಕೆಡವಿ ಸಿಮೆಂಟಿನದು ಕಟ್ಟಿದ್ದಾರೆ. ಕುಂಚಿಗೆಯನ್ನು ತೊಡೆಯ ಮೇಲೆ ಹಾಕಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ... ಫೋನು ಬಡಿದುಕೊಂಡಿತು. ಇಳಕಲ್ಲಿನಿಂದ ಸೊಸೆ.

"ಅತ್ತೀ, ನಾಳೆ ಕೂಸಿಗೆ ಸೂಜಿ ಅದ. ನಿಮ್ಮನ್ನ ಒಂದ್ ಮಾತ್ ಕೇಳು ಅಂದ್ಳ್ರಿ ನಮ್ಮವ್ವ. ಹಾಕಿಸ್ಲೇನ್ರಿ?"

ಓದಿದ ಹುಡುಗಿ. ಅವಳೂ ಕೇಳಬೇಕೆ?

"ನನ್ನ ಯಾಕ ಕೇಳ್ತಿ? ನಿನ್ನ ಕೂಸು, ನಿನಗ ತಿಳದಂಗ ಮಾಡು" ಅಂದೆ.

ಆ ಕಡೆಯಿಂದ ಸಣ್ಣ ದನಿ. "ಸಿಟ್ಟಾದ್ರೇನ್ರಿ ಅತ್ತಿ? ಹಂಗಾದ್ರ ಈಗ ಬ್ಯಾಡ ಬಿಡ್ರಿ..."

"ಇಲ್ಲವ್ವಾ!" ಎಂದು ಕೂಗಿದೆ. ಇನ್ನು ಇದನ್ನು ಫೋನಿನ ಮಾತಿಗೆ ಬಿಡುವ ಹಾಗಿರಲಿಲ್ಲ. ಫೋನು ಇಟ್ಟು, ಕುಂಚಿಗೆ ಚೀಲಕ್ಕೆ ತುರುಕಿ, ಸೂಜಿಯ ಹೊತ್ತಿಗೆ ಅಲ್ಲಿರಬೇಕೆಂದು ಇಳಕಲ್ಲಿನ ಬಸ್ಸಿಗೆ ಹೊರಟೆ.