ಹದಿನೇಳು ಮಕ್ಕಳು, ಹದಿನೆಂಟನೆಯ ದನಿ

ಬೆಳಗಿನ ಆರು ಗಂಟೆ. ಜಲಾಶಯದ ಮೇಲೆ ಕವಿದ ಮಂಜಿನಲ್ಲಿ ದೋಣಿಯ ಈ ತುದಿಗೆ ಆ ತುದಿ ಕಾಣುತ್ತಿಲ್ಲ. ಎಂಜಿನ್ ಪಕ್ಕ ನಿಂತ ದೋಣಿಯಕ್ಕ, "ಹ್ಞೂಂ, ಹೇಳ್ರಪ್ಪ" ಎನ್ನುತ್ತಾರೆ. ಬಿಳುಪಿನೊಳಗಿಂದ ಒಂದು ದನಿ "ಒಂದು" ಎನ್ನುತ್ತದೆ. ಇನ್ನೆಲ್ಲಿಂದಲೋ "ಎರಡು", ಕಾಲ ಬುಡದಿಂದಲೇ "ಮೂರು". ಪ್ರತಿ ಮಗುವಿಗೂ ಒಂದೊಂದು ಖಾಯಂ ನಂಬರು. ದನಿಗಳಿವೆ, ಮುಖಗಳಿಲ್ಲ. ಎಣಿಕೆ ಮುಗಿದ ಮೇಲೂ ಅವರು ಹಗ್ಗ ಬಿಚ್ಚುವುದಿಲ್ಲ. ದಡದತ್ತ ಕಿವಿಯಿಟ್ಟು ಒಂದು ನಿಮಿಷ ಕಾಯುತ್ತಾರೆ.

ದೋಣಿಯಕ್ಕನಿಗೆ ಈಗ ಐವತ್ಮೂರು. ದೋಣಿ ನಡೆಸುತ್ತಿದ್ದ ಗಂಡನ ಸೊಂಟ ಬಿದ್ದುಹೋದಾಗ ಚುಕ್ಕಾಣಿ ಹಿಡಿದವರು, ಇಪ್ಪತ್ತೆರಡು ವರ್ಷಗಳಿಂದ ಬಿಟ್ಟಿಲ್ಲ. ಮೂರು ಹಳ್ಳಿಗಳ ಮಕ್ಕಳಿಗೆ ಹೈಸ್ಕೂಲು ಇರುವುದು ಆಚೆ ದಡದಲ್ಲಿ. ನೀರಿನ ಮೇಲೆ ನಲವತ್ತು ನಿಮಿಷ, ರಸ್ತೆ ಸುತ್ತಿದರೆ ಅರ್ಧ ದಿನ. ನೀರಿನಡಿ ಮುಳುಗಿದ ಕಾಡಿದೆ. ಸತ್ತ ಮರಗಳ ಕೊಂಬೆಗಳು ದೋಣಿಯ ತಳಕ್ಕೆ ತಾಗಿದಾಗ ಯಾರೋ ಉಗುರಿನಿಂದ ಕೆರೆದಂತೆ ಸದ್ದಾಗುತ್ತದೆ. ಹೊಸ ಮಕ್ಕಳು ಕಾಲು ಮಡಚಿಕೊಂಡು ಕೂರುತ್ತಾರೆ.

ಇಷ್ಟು ವರ್ಷಗಳಲ್ಲಿ ದೋಣಿ ಹೊರಡದೇ ಇದ್ದದ್ದು ಒಂಬತ್ತೇ ದಿನ. "ಶಾಲೆ ಬಿಡೋಕೆ ದೊಡ್ಡ ಕಾರಣ ಏನೂ ಬೇಕಿಲ್ಲ. ಎರಡು ದಿನ ದೋಣಿ ತಪ್ಪಿದ್ರೆ ಮೂರನೇ ದಿನ ಕೈಗೆ ಪೊರಕೆ ಬರುತ್ತೆ" ಎನ್ನುತ್ತಾರೆ.

ಸಂಜೆಯ ವಾಪಸು ದಾರಿಯಲ್ಲಿ ಇನ್ನೊಂದು ಪಾಠ. ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿ, ಮುಚ್ಚಳ ತೆಗೆದು, "ನಾನು ಸತ್ತೆ ಅಂದ್ಕೊಳ್ಳಿ. ಈಗ ಮನೆಗೆ ಹೋಗಿ ನೋಡೋಣ" ಎಂದು ಕೈಕಟ್ಟಿ ಕೂರುತ್ತಾರೆ. ಹಾಗೆ ಕಲಿತವರಲ್ಲಿ ಒಬ್ಬ ಪಂಪು ರಿಪೇರಿ ಅಂಗಡಿಯಲ್ಲಿದ್ದಾನೆ, ಒಬ್ಬಳು ಆಸ್ಪತ್ರೆಯ ಜನರೇಟರ್ ನೋಡಿಕೊಳ್ಳುತ್ತಾಳೆ.

ಈ ಚಳಿಗಾಲದ ಆರಂಭದಲ್ಲಿ ದೋಣಿಯಲ್ಲಿದ್ದವರು ಹದಿನೇಳು ಮಂದಿ. ಕೊನೆಯ ಹಳ್ಳಿಯ ದಡದಲ್ಲಿ ಎಣಿಕೆ ಮುಗಿಯಿತು. ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಮಂಜಿನಿಂದ ತಣ್ಣಗೆ ಕೇಳಿಸಿತು: "ಹದಿನೆಂಟು."

ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡರು. ಮರುದಿನವೂ ಅದೇ. ಮೂರನೆಯ ದಿನ ನೀರಿನಲ್ಲಿ ದೆವ್ವವಿದೆಯೆಂದು ಇಬ್ಬರು ಬರಲೇ ಇಲ್ಲ. ಹದಿನೈದರ ಆಚೆಗೆ ಮೌನ, ಆಮೇಲೆ ಮತ್ತದೇ "ಹದಿನೆಂಟು." ದೋಣಿಯಕ್ಕನೂ ಬೆಚ್ಚಿದರು. "ದೆವ್ವ ಅಂತಲ್ಲ. ಆ ನಂಬರು ಯಾರದು ಅಂತ ನನಗೆ ಗೊತ್ತಿತ್ತಲ್ಲ!"

ಅದು ಕಲ್ಲುಕ್ವಾರಿ ಕೂಲಿಯವನ ಮಗಳ ನಂಬರು. ಒಂಬತ್ತನೇ ತರಗತಿ ಮುಗಿಸಿದವಳನ್ನು ಅಪ್ಪ, ಪುಟ್ಟ ತಮ್ಮನನ್ನು ನೋಡಿಕೊಳ್ಳಲೆಂದು ಬಿಡಿಸಿದ್ದ. ನಾಲ್ಕನೆಯ ದಿನ ದೋಣಿಯಕ್ಕ ಇಳಿದು ಮಂಜಿನೊಳಗೆ ಹತ್ತು ಹೆಜ್ಜೆ ನಡೆದರು. ಕಲ್ಲಿನ ಮೇಲೆ ಅರ್ಧ ತೊಳೆದ ಪಾತ್ರೆ. ಪಕ್ಕದಲ್ಲಿ ಆ ಹುಡುಗಿ. "ಎಣಿಕೆ ಕೇಳ್ತಿದ್ರೆ ಬಾಯಿ ಸುಮ್ನಿರಲ್ಲ ಅಕ್ಕ" ಎಂದು ಅತ್ತಳು.

ದೋಣಿಯಕ್ಕ ಮನೆಗೆ ಹೋಗಿ ಕೇಳಿದರೂ ಅಪ್ಪ ಬಗ್ಗಲಿಲ್ಲ. "ಹತ್ತನೇ ಕ್ಲಾಸು ಓದಿ ಯಾರನ್ನ ಉದ್ಧಾರ ಮಾಡ್ಬೇಕು? ನಾಳೆ ಶಾಲೆಗೆ ಹೋಗಿ ಹೆಸರು ತೆಗೆಸ್ತೀನಿ."

"ಆಗ್ಲಿ, ನನ್ನ ದೋಣೀಲೇ ಬಾ. ಮಗಳನ್ನೂ ಕರ್ಕೊಂಡು ಬಾ" ಎಂದರು ದೋಣಿಯಕ್ಕ.

ಮರುದಿನ ನಡುನೀರಿನಲ್ಲಿ ಎಂಜಿನ್ ನಿಂತಿತು. ಸುತ್ತ ಬಿಳುಪು, ದಡವೇ ಇಲ್ಲ. ತಳದಲ್ಲಿ ಕರಕರ ಕೆರೆತ. ಬಂಡೆ ಸೀಳುವ ಅಪ್ಪ ಹಲಗೆಯನ್ನು ಬಿಗಿಯಾಗಿ ಹಿಡಿದು, "ಏನಾದ್ರೂ ಮಾಡ್ರೀ!" ಎಂದ. ದೋಣಿಯಕ್ಕ ಅಲುಗಲಿಲ್ಲ. ಹುಡುಗಿ ಎದ್ದಳು. "ಪೈಪಲ್ಲಿ ಗಾಳಿ ಸೇರಿದೆ" ಎಂದು ಸ್ಪ್ಯಾನರ್ ತೆಗೆದು ನಟ್ಟು ಸಡಿಲಿಸಿ, ಗುಳ್ಳೆಗಳೆಲ್ಲ ಹೋಗುವವರೆಗೆ ಡೀಸೆಲ್ ಹರಿಸಿ, ಬಿಗಿದು, ಹ್ಯಾಂಡಲ್ ತಿರುಗಿಸಿದಳು. ಎರಡನೇ ಸುತ್ತಿಗೆ ಎಂಜಿನ್ ಗುಡುಗಿತು. ಅಪ್ಪ ಮಗಳ ಎಣ್ಣೆಗೈಯನ್ನೇ ನೋಡುತ್ತ ಕೂತ. ಆ ದಿನ ಶಾಲೆಯ ಗೇಟಿನವರೆಗೂ ಹೋದ, ಮಗಳನ್ನು ಒಳಗೆ ಕಳಿಸಿ ತಾನು ಹೊರಗೇ ಉಳಿದ.

ಎಂಜಿನ್ ತಾನಾಗಿ ನಿಂತಿತೋ, ನಿಲ್ಲಿಸಿದ್ದೋ? "ಹಳೇ ಎಂಜಿನ್ನು, ಅದರ ಮನಸ್ಸು ಯಾರಿಗೆ ಗೊತ್ತು!" ಎಂದು ನಗುತ್ತಾರೆ ದೋಣಿಯಕ್ಕ. ಹುಡುಗಿಯ ತಮ್ಮನನ್ನು ಈಗ ದೋಣಿಯಕ್ಕನ ಗಂಡ ನೋಡಿಕೊಳ್ಳುತ್ತಾರೆ. ಹುಡುಗಿ ಹತ್ತನೇ ತರಗತಿಯಲ್ಲಿದ್ದಾಳೆ. ಪರೀಕ್ಷೆ ಮುಗಿಸಿ ಬಾ ಎಂದು ಪಂಪು ಅಂಗಡಿಯವರು ಹೇಳಿಟ್ಟಿದ್ದಾರೆ.

ದೋಣಿಯಕ್ಕನಿಗೇನು ಬೇಕು? ಕೈಯೊರೆಸುತ್ತ ಹೇಳುತ್ತಾರೆ:

"ಮುಂದೊಂದಿನ ಈ ಎಂಜಿನ್ ನಿಜವಾಗ್ಲೂ ಕೆಡುತ್ತೆ. ಆಗ ಅವಳಿಗೆ ಫೋನ್ ಮಾಡ್ತೀನಿ. 'ಇವತ್ತು ಪುರುಸೊತ್ತಿಲ್ಲ ಅಕ್ಕ, ಕೆಲಸ ತುಂಬಾ ಇದೆ' ಅನ್ಬೇಕು ಅವಳು. ಅದೊಂದು ಮಾತು ಕೇಳಿಸ್ಕೊಂಡ್ರೆ ಸಾಕು ನನಗೆ."