ದಾನಮ್ಮನವರು ಹಾಡದ ಶುಕ್ರವಾರ

ದಾನಮ್ಮನವರಿಗೆ ರಾಗ ಹತ್ತುತ್ತಿರಲಿಲ್ಲ, ಗಂಟಲು ಮಾತ್ರ ಭಾರಿ. ಬಿಕ್ಕೋಡಿನ ಆಚೆ ಕಾಫಿ ತೋಟಗಳ ನಡುವಿನ ದಾರಿಯಲ್ಲಿ ನಮ್ಮ ಪುಟ್ಟ ಕ್ರೈಸ್ತ ಸಭೆಯವರು ಭಾನುವಾರದ ಆರಾಧನೆಗೆ ನಡೆದು ಹೋಗುವಾಗ, ಅವರು ಎಲ್ಲರಿಗಿಂತ ಹಿಂದೆ, ಕಾಲು ಸೋತವರ ಜೊತೆ, ಕೀರ್ತನೆ ಹಾಡುತ್ತಾ ಬರುತ್ತಿದ್ದರು. ಬೇಲಿಯಾಚೆ ಆನೆ ಇದ್ದರೆ ಸದ್ದು ಕೇಳಿ ಸರಿದುಹೋಗಲಿ ಎಂಬ ಉಪಾಯವೂ ಅದರಲ್ಲಿತ್ತು. "ದೇವ್ರಿಗೆ ಸ್ತೋತ್ರ, ಆನೆಗೆ ನೋಟೀಸು" ಎಂದು ನಗುತ್ತಿದ್ದರು.

ತೋಟದಲ್ಲಿ ಕಾಫಿ ಕೊಯ್ಯುವವರಿಗೆ ತಲೆಗೊಂದು ಸಾಲು. ತಮ್ಮ ಸಾಲು ಮುಗಿದರೂ ದಾನಮ್ಮನವರು ಮನೆಗೆ ಹೊರಡುತ್ತಿರಲಿಲ್ಲ. ಹಿಂದೆ ಬಿದ್ದವಳ ಸಾಲನ್ನು ಆ ತುದಿಯಿಂದ ಕೊಯ್ಯುತ್ತಾ ಬಂದು ನಡುವೆ ಅವಳನ್ನು ಕೂಡುತ್ತಿದ್ದರು. ಆರಾಧನೆಗೆ ಬಾರದವರ ಮನೆಗೂ ಹಾಗೆಯೇ ಹೋಗುತ್ತಿದ್ದರು. ಬೇಲೂರಿನ ಶಾಲೆಯಲ್ಲಿ ಪಾಠ ಹೇಳುವ ನನ್ನನ್ನು ಒಮ್ಮೆ ಜೊತೆಗೆ ಕರೆದುಕೊಂಡು ಗಾರೆ ಕೆಲಸದ ಯೋನನ ಮನೆಗೆ ಹೋದರು. ಅವನು ಕುಡಿತಕ್ಕೆ ಬಿದ್ದು ಸಭೆ ಬಿಟ್ಟಿದ್ದ.

"ಏನೋ ಯೋನಾ, ದೇವ್ರ ಹತ್ರ ಟೂ ಬಿಟ್ಟಿದ್ದೀಯಾ?"

"ಬಾಯಿ ವಾಸ್ನೆ ಐತೆ ಕಣಕ್ಕಾ. ಒಳಗೆ ಹೆಂಗೆ ಬರ್ಲಿ?"

"ನನ್ನ ಪಕ್ಕ ಕೂತ್ಕೋ. ವಾಸ್ನೆ ನಾನು ತಡ್ಕೋತೀನಿ. ನೀನು ನನ್ನ ಹಾಡು ತಡ್ಕೋ."

ಅವನ ಹೆಂಡತಿ ಲೀದಿಯ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಯೋನ ಬಂದ. ನಿಧಾನವಾಗಿ ಕುಡಿತವೂ ಬಿಟ್ಟಿತು.

ಶುಭ ಶುಕ್ರವಾರ ಮಾತ್ರ ನಾವು ಹಾಡುವುದಿಲ್ಲ. ಮನೆ ಬಿಟ್ಟಾಗಿನಿಂದ ಮಂದಿರ ಮುಟ್ಟುವವರೆಗೆ ಮಾತಿಲ್ಲ, ಫೋನೂ ಇಲ್ಲ. ಕರ್ತನ ಮರಣದ ದಿನಕ್ಕೆ ನಾವು ಸಲ್ಲಿಸುವ ಗೌರವ ಅದು. ಆ ವರ್ಷ ಹೊರಡುವ ಮುಂಚೆ ದಾನಮ್ಮನವರೇ ಎಲ್ಲರಿಗೂ ನೆನಪಿಸಿದರು: "ಇವತ್ತು ಬಾಯಿ ಬಿಡಂಗಿಲ್ಲ ಕಣ್ರೀ." ಆನೆ ಎಲ್ಲಿದೆ ಎಂದು ತಿಳಿಸುವ ಅರಣ್ಯ ಇಲಾಖೆಯ ಸಂದೇಶ ಬೆಳಿಗ್ಗೆಯೇ, ನಾವು ಹೊರಟ ಮೇಲೆ, ಬಂದಿತ್ತಂತೆ. ನಮ್ಮ ಫೋನುಗಳು ಮನೆಯಲ್ಲಿದ್ದವು.

ತಿರುವಿನಲ್ಲಿ ಆನೆ ಬೇಲಿ ದಾಟಿ ದಾರಿಗಿಳಿಯಿತು. ಅಷ್ಟು ದೊಡ್ಡ ದೇಹಕ್ಕೆ ಸದ್ದೇ ಇರಲಿಲ್ಲ. ನನ್ನನ್ನು ಯಾರೋ ತಳ್ಳಿದರು, ಚರಂಡಿಗೆ ಬಿದ್ದೆ. ತಲೆ ಎತ್ತಿದಾಗ ಯೋನ ನೆಲದ ಮೇಲಿದ್ದ. ದಾನಮ್ಮನವರು ಎರಡೂ ಕೈ ಎತ್ತಿ ಕಿರುಚುತ್ತಿದ್ದರು. ಆನೆ ಕಾಫಿ ಗಿಡಗಳ ನಡುವೆ ಹೋಯಿತು. ಯೋನ ಏಳಲಿಲ್ಲ. ತಳ್ಳಿದವನು ಅವನೇ ಇರಬಹುದು ಎಂದು ಈಗಲೂ ಅನಿಸುತ್ತದೆ. ತರಗತಿ ಇದ್ದಕ್ಕಿದ್ದಂತೆ ನಿಶ್ಶಬ್ದವಾದರೆ ನನ್ನ ಬೆನ್ನು ಬೆವರುತ್ತದೆ.

ನಾನು ಆರಾಧನೆಗೆ ಹೋಗುವುದನ್ನು ಬಿಟ್ಟೆ. ಕೆಲವು ವಾರಗಳ ಮೇಲೆ ದಾನಮ್ಮನವರು ಬಂದರು. ಬುದ್ಧಿ ಹೇಳಲು ಬಂದಿದ್ದಾರೆಂದುಕೊಂಡು ನಾನೇ ಮೊದಲು ಹೇಳಿಬಿಟ್ಟೆ: "ನನಗೆ ಪ್ರಾರ್ಥನೆ ಬರುತ್ತಿಲ್ಲ, ದಾನಮ್ಮ."

"ನಂಗೂ ಬತ್ತಿಲ್ಲ ಕಣಮ್ಮ. ಅವನ್ನ ಕರ್ಕೊಂಡ್ಬಂದೋಳು ನಾನು, ಬಾಯಿ ಮುಚ್ಸಿದೋಳೂ ನಾನೇ. ಒಬ್ಳೇ ಕೂತ್ರೆ ಆಗ್ತಿಲ್ಲ, ಅದ್ಕೇ ಬಂದೆ."

ಚಾಪೆಯ ಮೇಲೆ ಎದುರುಬದುರು ಕುಳಿತೆವು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಅವರು ಶುರು ಮಾಡಿದರು. ಕೇಡಿನಿಂದ ತಪ್ಪಿಸು ಎಂದು ಬೇಡುವ ಜಾಗಕ್ಕೆ ಬಂದಾಗ ಅವರ ದನಿ ನಿಂತಿತು. ನಾನು ಮುಂದುವರಿಸಿದೆ. ನನ್ನದೂ ನಿಂತಾಗ ಅವರು ಹಿಡಿದುಕೊಂಡರು. ಹೇಗೋ ಮುಗಿಸಿದೆವು. ಮುಂದಿನ ಭಾನುವಾರ ಇಬ್ಬರೂ ಕೈ ಹಿಡಿದುಕೊಂಡೇ ಆ ತಿರುವು ದಾಟಿದೆವು.

ಮರುವರ್ಷ ಕಾಫಿ ಹೂ ಬಿಡುವ ಮೊದಲೇ ದಾನಮ್ಮನವರು ಜ್ವರದಲ್ಲಿ ತೀರಿಕೊಂಡರು. ಕೊನೆಯ ಸಲ ನಾನು ನೋಡಲು ಹೋದಾಗ ಅವರು ಕೇಳಿದ್ದು ಒಂದೇ ಮಾತು: "ಲೀದಿಯ ಬಂದ್ಲಾ?"

ಬಂದಿರಲಿಲ್ಲ. ಗಂಡ ಹೋದ ಮೇಲೆ ಅವಳು ಮಂದಿರದ ಕಡೆ ತಿರುಗಿಯೂ ನೋಡಿರಲಿಲ್ಲ. ದಾನಮ್ಮನವರಿಗೆ ಮಣ್ಣು ಕೊಟ್ಟು ಬಂದ ವಾರ ನಾನು ಅವಳ ಬಾಗಿಲು ತಟ್ಟಿದೆ.

"ಕರ್ಕೊಂಡೋಗಕ್ಕೆ ಬಂದ್ರಾ?" ಎಂದಳು, ಚಿಲಕದ ಮೇಲಿನ ಕೈ ತೆಗೆಯದೆ.

"ಇಲ್ಲ ಕಣೇ. ಸ್ವಲ್ಪ ಹೊತ್ತು ಕೂತ್ಕೊಂಡು ಹೋಗ್ತೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಾಗಿಲು ಮುಚ್ಚದೆ ಒಳಗೆ ನಡೆದಳು.